ಸಂಶಯವೂ ಸಾಕ್ಷ್ಯವೂ: ರಾಜೀವ್ ಗಾಂಧಿ ಹತ್ಯೆಯ ಸುತ್ತಣ ವಾದವಿವಾದಗಳು

ತಮಿಳುನಾಡಿನ ಶ್ರೀಪೆರುಂಬುದೂರು ಶತಮಾನಗಳಿಂದ ಜನಮನದಲ್ಲಿ ನಿಂತಿದ್ದುದು ಶ್ರೀ ರಾಮಾನುಜಾಚಾರ್ಯರ ಜನ್ಮಸ್ಥಳವೆಂದು. ೧೯೯೧ನೆಯ ಇಸವಿಯ ಮೇ ೨೧ರ ರಾತ್ರಿ ಆ ಊರಿನ ಹೆಸರಿಗೆ ಇನ್ನೊಂದು ನೆನಪು ಅಂಟಿಕೊಂಡಿತು. ಲೋಕಸಭಾ ಚುನಾವಣೆಯ ಪ್ರಚಾರಕ್ಕಾಗಿ ಅಲ್ಲಿಗೆ ಬಂದಿದ್ದ ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರು, ಗಂಧದ ಹಾರ ಹಿಡಿದು ನಿಂತಿದ್ದ ಯುವತಿಯೊಬ್ಬಳು ಸೊಂಟಪಟ್ಟಿಯಲ್ಲಿ ಅಡಗಿಸಿಕೊಂಡು ತಂದಿದ್ದ ಬಾಂಬಿಗೆ ಬಲಿಯಾದರು. ಅವರೊಡನೆ ಇನ್ನೂ ಹದಿನೈದು ಮಂದಿ ಪ್ರಾಣ ತೆತ್ತರು. ಅವರಲ್ಲಿ ಒಂಬತ್ತು ಮಂದಿ ಕರ್ತವ್ಯದ ಮೇಲಿದ್ದ ಪೊಲೀಸರು. ರಾಜೀವರ ಮುಂದೆ ಕವಿತೆ ಓದಿದ ಬಾಲಕಿ ಮತ್ತು ಅವಳ ತಾಯಿ ಕೂಡ ಉಳಿಯಲಿಲ್ಲ. ಬಾಂಬು ಕಟ್ಟಿಕೊಂಡು ಬಂದವಳೂ, ಆ ದೃಶ್ಯದ ಚಿತ್ರ ತೆಗೆಯಲು ಸಂಚುಗಾರರು ನೇಮಿಸಿದ್ದ ಛಾಯಾಗ್ರಾಹಕನೂ ಅಲ್ಲಿಯೇ ಹತರಾದರು.

ಈ ಘಟನೆ ನಡೆದು ಮೂರು ದಶಕಗಳು ಮೀರಿವೆ. ಆದರೂ ಹಿರಿಯರು ನಾಲ್ವರು ಸೇರಿದಲ್ಲಿ ಇದರ ಮಾತು ಬಂದರೆ ಸಾಕು, ಯಾರಾದರೊಬ್ಬರು ದನಿ ತಗ್ಗಿಸಿ, "ಕೊಂದವರು ಯಾರೆಂಬುದು ಗೊತ್ತು, ಕೊಲ್ಲಿಸಿದವರು ಯಾರೆಂಬುದು ಗೊತ್ತಾಗಲೇ ಇಲ್ಲ" ಎನ್ನುತ್ತಾರೆ. ಒಬ್ಬರು ಪರದೇಶದ ಗುಪ್ತಚರ ಸಂಸ್ಥೆಯನ್ನು ಹೆಸರಿಸಿದರೆ, ಇನ್ನೊಬ್ಬರು ಶಸ್ತ್ರಾಸ್ತ್ರ ದಲ್ಲಾಳಿಗಳನ್ನು, ಮತ್ತೊಬ್ಬರು ಸ್ವದೇಶದ ರಾಜಕಾರಣಿಗಳನ್ನೇ ಹೆಸರಿಸುತ್ತಾರೆ. ಹೀಗೆ ಸಂಶಯಪಡುವವರನ್ನು ಹಗುರವಾಗಿ ಕಾಣುವಂತಿಲ್ಲ. ಏಕೆಂದರೆ ಈ ಹತ್ಯೆ ನಿಜಕ್ಕೂ ಒಂದು ಸಂಚಿನ ಫಲವೇ ಆಗಿತ್ತು. ದೇಶದ ಸರ್ವೋಚ್ಚ ನ್ಯಾಯಾಲಯವೇ ಹಾಗೆಂದು ತೀರ್ಮಾನಿಸಿದೆ. ವಿವಾದವಿರುವುದು ಸಂಚು ಇತ್ತೇ ಎಂಬುದರಲ್ಲಲ್ಲ, ಅದರ ಹರವು ಎಲ್ಲಿಯವರೆಗೆ ಎಂಬುದರಲ್ಲಿ.

ಬೆರೆತುಹೋದ ಮೂರು ಪ್ರಶ್ನೆಗಳು

ಈ ಚರ್ಚೆ ದಾರಿ ತಪ್ಪಲು ಮುಖ್ಯ ಕಾರಣವೊಂದಿದೆ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಒಂದೇ ಎಂದು ಭಾವಿಸಿ ಮಾತನಾಡುತ್ತೇವೆ. ಕೊಂದವರು ಯಾರು ಎಂಬುದು ಮೊದಲನೆಯದು. ಕಾಯಬೇಕಾದವರು ಏಕೆ ಕಾಯಲಿಲ್ಲ ಎಂಬುದು ಎರಡನೆಯದು. ಕೊಂದವರ ಬೆನ್ನ ಹಿಂದೆ ಬೇರೆ ಯಾರಾದರೂ ಇದ್ದರೇ ಎಂಬುದು ಮೂರನೆಯದು. ನಮ್ಮ ದೇಶ ಈ ಮೂರನ್ನೂ ಮೂರು ಕಡೆ ವಿಚಾರಣೆಗೆ ಒಪ್ಪಿಸಿತು. ಮೊದಲನೆಯದು ಕೇಂದ್ರೀಯ ತನಿಖಾ ದಳದ ವಿಶೇಷ ತಂಡಕ್ಕೂ ನ್ಯಾಯಾಲಯಕ್ಕೂ ಹೋಯಿತು. ಎರಡನೆಯದು ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗಕ್ಕೆ, ಮೂರನೆಯದು ನ್ಯಾಯಮೂರ್ತಿ ಮಿಲಾಪ್ ಚಂದ್ ಜೈನ್ ಆಯೋಗಕ್ಕೆ. ಒಂದರ ಉತ್ತರವನ್ನು ಇನ್ನೊಂದರ ತಲೆಗೆ ಕಟ್ಟಿದಾಗ ವದಂತಿ ಹುಟ್ಟಿಕೊಳ್ಳುತ್ತದೆ.

ಕೊಂದವರು ಯಾರು?

ಮೊದಲನೆಯ ಪ್ರಶ್ನೆಗೆ ದೊರೆತ ಉತ್ತರ ಗಟ್ಟಿಯಾದುದು. ಸತ್ತ ಛಾಯಾಗ್ರಾಹಕನ ಕ್ಯಾಮರಾ ಸ್ಫೋಟದಲ್ಲಿ ನಾಶವಾಗದೆ ಉಳಿದಿತ್ತು. ಅದರೊಳಗಿನ ಸುರುಳಿಯಲ್ಲಿ ಹತ್ತು ಚಿತ್ರಗಳಿದ್ದವು. ಹಾರ ಹಿಡಿದ ಯುವತಿಯೂ, ಬಿಳಿಯ ಉಡುಪು ಧರಿಸಿ ಪತ್ರಕರ್ತನಂತೆ ನಿಂತಿದ್ದ ವ್ಯಕ್ತಿಯೂ ಅವುಗಳಲ್ಲಿ ಸೆರೆಯಾಗಿದ್ದರು. ಆ ವ್ಯಕ್ತಿಯೇ ಶಿವರಾಸನ್, ತಮಿಳು ಈಳಂ ವಿಮೋಚನಾ ಹುಲಿಗಳ ಕಡೆಯಿಂದ ಈ ಕಾರ್ಯಾಚರಣೆಯನ್ನು ನಡೆಸಿದವನು. ಕರ್ನಾಟಕ ಶ್ರೇಣಿಯ ಪೊಲೀಸ್ ಅಧಿಕಾರಿಯಾಗಿದ್ದ ಡಿ. ಆರ್. ಕಾರ್ತಿಕೇಯನ್ ಅವರ ನೇತೃತ್ವದ ವಿಶೇಷ ತನಿಖಾ ತಂಡವು ಈ ಚಿತ್ರಗಳಿಂದ ಆರಂಭಿಸಿ, ಪತ್ರಗಳು, ಬಾಡಿಗೆ ಮನೆಗಳು, ನಿಸ್ತಂತು ಸಂದೇಶಗಳು ಎಂಬ ಒಂದೊಂದೇ ಎಳೆ ಹಿಡಿದು ಮುಂದುವರಿಯಿತು.

"ಅಷ್ಟು ಸುಲಭವಾಗಿ ಒಬ್ಬ ಹುಡುಗಿ ಅಷ್ಟು ಹತ್ತಿರ ಹೋಗಲು ಸಾಧ್ಯವೇ? ಒಳಗಿನವರ ಸಹಾಯವಿಲ್ಲದೆ ಆಗದು" ಎಂಬುದು ನಾವು ಪದೇ ಪದೇ ಕೇಳುವ ವಾದ. ಆದರೆ ಎರಡು ವಾರಗಳ ಮೊದಲೇ, ಮೇ ೭ರಂದು, ಮದರಾಸಿನಲ್ಲಿ ನಡೆದ ವಿ. ಪಿ. ಸಿಂಗ್ ಅವರ ಸಭೆಯಲ್ಲಿ ಅದೇ ತಂಡ ಹಾರ ಹಿಡಿದು ತಾಲೀಮು ನಡೆಸಿತ್ತೆಂಬುದು ತನಿಖೆಯಲ್ಲಿ ಹೊರಬಿತ್ತು. ಗಣ್ಯರ ಬಳಿಗೆ ಹಾರದ ನೆಪದಲ್ಲಿ ಯಾರು ಬೇಕಾದರೂ ತಲುಪಬಹುದೆಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡುಕೊಂಡಿದ್ದರು.

ಉದ್ದೇಶವೂ ಅಸ್ಪಷ್ಟವಾಗಿರಲಿಲ್ಲ. ೧೯೮೭ರ ಜುಲೈನಲ್ಲಿ ಆದ ಭಾರತ–ಶ್ರೀಲಂಕಾ ಒಪ್ಪಂದದಂತೆ ದ್ವೀಪಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆ ಹುಲಿಗಳೊಡನೆಯೇ ಕಾದಾಡಬೇಕಾಗಿ ಬಂದು, ೧೯೯೦ರ ಮಾರ್ಚ್‌ನಲ್ಲಿ ಹಿಂದಿರುಗಿತ್ತು. ರಾಜೀವರು ಮತ್ತೆ ಪ್ರಧಾನಿಯಾದರೆ ಸೇನೆ ಮರಳಿ ಬಂದೀತೆಂಬ ಭಯ ಹುಲಿಗಳಲ್ಲಿತ್ತು. ಮೊದಮೊದಲು ತಮಗೂ ಹತ್ಯೆಗೂ ಸಂಬಂಧವೇ ಇಲ್ಲವೆನ್ನುತ್ತಿದ್ದ ಆ ಸಂಘಟನೆಯ ಪರವಾಗಿ ಅದರ ಹಿರಿಯ ವಕ್ತಾರ ಆಂಟನ್ ಬಾಲಸಿಂಗಂ ೨೦೦೬ರಲ್ಲಿ ಭಾರತೀಯ ದೂರದರ್ಶನ ವಾಹಿನಿಯೊಂದರಲ್ಲಿ ಈ ಬಗ್ಗೆ ವಿಷಾದ ವ್ಯಕ್ತಪಡಿಸಿದರು.

ಕಾಯಬೇಕಾದವರು ಏಕೆ ಕಾಯಲಿಲ್ಲ?

ಎರಡನೆಯ ಪ್ರಶ್ನೆಗೆ ವರ್ಮಾ ಆಯೋಗ ೧೯೯೨ರಲ್ಲಿ ಉತ್ತರ ನೀಡಿತು. ೧೯೮೮ರ ವಿಶೇಷ ರಕ್ಷಣಾ ದಳದ ಕಾನೂನು ಅಧಿಕಾರದಲ್ಲಿರುವ ಪ್ರಧಾನಿಗೂ ಅವರ ಕುಟುಂಬಕ್ಕೂ ಮಾತ್ರ ಅನ್ವಯಿಸುತ್ತಿತ್ತು. ೧೯೮೯ರ ಡಿಸೆಂಬರಿನಲ್ಲಿ ರಾಜೀವರು ಅಧಿಕಾರದಿಂದ ಇಳಿದ ಬಳಿಕ ಆ ರಕ್ಷಣೆ ಹೋಯಿತು. ಅದಕ್ಕೆ ಸಮನಾದ ಬದಲಿ ವ್ಯವಸ್ಥೆ ಆಗಲಿಲ್ಲ. ಗುಪ್ತಚರ ವಿಭಾಗ, ರಾಜ್ಯದ ಪೊಲೀಸರು, ಸಭೆಯಲ್ಲಿ ಶಿಸ್ತು ಕಾಯದ ಸ್ಥಳೀಯ ಸಂಘಟಕರು, ಹೀಗೆ ಎಲ್ಲರ ಲೋಪಗಳನ್ನೂ ಆಯೋಗ ಎತ್ತಿ ತೋರಿಸಿತು. ಮಾಜಿ ಪ್ರಧಾನಿಗಳಿಗೂ ಈ ರಕ್ಷಣೆ ದೊರೆಯುವಂತೆ ಕಾನೂನಿಗೆ ತಿದ್ದುಪಡಿ ಬಂದದ್ದು ಹತ್ಯೆಯಾದ ಮೇಲೆ, ೧೯೯೧ರಲ್ಲಿ.

ಇಲ್ಲಿಯೇ ನಾವು ಎಚ್ಚರ ವಹಿಸಬೇಕು. ಲೋಪ ಬೇರೆ, ದ್ರೋಹ ಬೇರೆ. ಬಾಗಿಲಿಗೆ ಅಗುಳಿ ಹಾಕಲು ಮರೆತವನನ್ನು ಬೈಯಬಹುದು, ಶಿಕ್ಷಿಸಲೂಬಹುದು. ಆದರೆ ಅವನೇ ಕಳ್ಳನೆನ್ನಬೇಕಾದರೆ ಬೇರೆಯೇ ಪುರಾವೆ ಬೇಕು. ನಮ್ಮ ಹರಟೆಗಳಲ್ಲಿ ಬಹುಪಾಲು "ಸಂಚು"ಗಳು ಇಂಥ ಮರೆತ ಅಗುಳಿಗಳಿಂದಲೇ ಕಟ್ಟಿದವು.

ಕೋಣನಕುಂಟೆಯ ಆ ಮನೆ

ಕನ್ನಡಿಗರಾದ ನಮಗೆ ಈ ಪ್ರಕರಣ ತೀರ ಹತ್ತಿರ ಬಂದದ್ದು ೧೯೯೧ರ ಆಗಸ್ಟ್ ತಿಂಗಳಲ್ಲಿ. ತಮಿಳುನಾಡಿನಿಂದ ಪಾರಾಗಿ ಬಂದ ಶಿವರಾಸನ್ ಮತ್ತು ಸಂಗಡಿಗರು ಅಂದು ಬೆಂಗಳೂರಿನ ಹೊರವಲಯವಾಗಿದ್ದ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದಾರೆಂಬುದು ೧೮ರ ಸಂಜೆಯ ಹೊತ್ತಿಗೆ ತಿಳಿಯಿತು. ಮನೆಯನ್ನು ಸುತ್ತುವರಿದದ್ದಾಯಿತು. ಆದರೆ ಕಮಾಂಡೊಗಳು ಒಳನುಗ್ಗಿದ್ದು ೨೦ರ ಮುಂಜಾನೆ. ಅಷ್ಟರಲ್ಲಿ ಒಳಗಿದ್ದ ಏಳು ಮಂದಿಯೂ ಹೆಣವಾಗಿದ್ದರು. ಸಯನೈಡ್ ನುಂಗಿದ್ದರು, ಶಿವರಾಸನ್ನನ ತಲೆಗೆ ಗುಂಡೂ ತಗುಲಿತ್ತು. ಅಂದು ರಾಜೀವ್ ಗಾಂಧಿಯವರ ಜನ್ಮದಿನವಾಗಿತ್ತು.

ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು ಏಕೆ ಕಾದರು? ಬಾಯಿ ಬಿಡಬಲ್ಲವರು ಸಾಯಲೆಂದೇ ಕಾದರು ಎಂದು ಅಂದಿನಿಂದಲೂ ಅನೇಕರು ಹೇಳುತ್ತ ಬಂದಿದ್ದಾರೆ. ಅಧಿಕಾರಿಗಳು ಕೊಟ್ಟ ವಿವರಣೆ ಇದಕ್ಕೆ ತೀರ ವಿರುದ್ಧವಾದುದು. ಆರೋಪಿಗಳನ್ನು ಜೀವಂತ ಹಿಡಿಯಬೇಕೆಂಬ ಆದೇಶವಿತ್ತು, ಕೊರಳಲ್ಲಿ ವಿಷದ ಗುಳಿಗೆ ಕಟ್ಟಿಕೊಂಡವರನ್ನು ಹಾಗೆ ಹಿಡಿಯಲು ತರಬೇತಿ ಪಡೆದ ಪಡೆಯೂ ವಿಷನಿವಾರಕ ಔಷಧವೂ ಬೇಕಿತ್ತು, ಅದಕ್ಕಾಗಿ ಕಾದರು. ಅಂದರೆ, ಬದುಕಿಸಲೆಂದು ಮಾಡಿದ ವಿಳಂಬವೇ ಕೊಲ್ಲಿಸಲೆಂದು ಮಾಡಿದ ವಿಳಂಬವಾಗಿ ಜನರ ಕಣ್ಣಿಗೆ ಕಂಡಿತು. ಆ ನಿರ್ಧಾರ ತಪ್ಪಾಗಿತ್ತೆಂದು ವಾದಿಸಲು ಅವಕಾಶವುಂಟು. ದುರುದ್ದೇಶದ್ದೆಂದು ಹೇಳಲು ಇಂದಿನವರೆಗೆ ಆಧಾರ ದೊರೆತಿಲ್ಲ. ಆದರೆ ಆ ಏಳು ಮಂದಿಯ ಸಾವಿನೊಂದಿಗೆ ಮೂರನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲ ಬಾಯಿಗಳು ಮುಚ್ಚಿದವೆಂಬುದಂತೂ ನಿಜ. ಉತ್ತರವಿಲ್ಲದ ಆ ಜಾಗವನ್ನು ಊಹೆ ಬಂದು ತುಂಬಿತು.

ತೆರೆಯ ಮರೆಯಲ್ಲಿ ಇನ್ನಾರು?

ಆ ಮೂರನೆಯ ಪ್ರಶ್ನೆಯನ್ನು ಜೈನ್ ಆಯೋಗ ಆರು ವರ್ಷಗಳಿಗೂ ಮೀರಿ ವಿಚಾರಿಸಿತು. ಅದರ ಮಧ್ಯಂತರ ವರದಿ ೧೯೯೭ರ ನವೆಂಬರಿನಲ್ಲಿ ಸೋರಿ ಪತ್ರಿಕೆಗಳಲ್ಲಿ ಬಂದಾಗ ದೇಶದ ರಾಜಕೀಯವೇ ಅಲುಗಿತು. ತಮಿಳುನಾಡಿನಲ್ಲಿ ಹುಲಿಗಳು ಬೇರೂರಲು ದ್ರಾವಿಡ ಮುನ್ನೇತ್ರ ಕಳಗಂ ಅವಕಾಶ ನೀಡಿತ್ತೆಂದು ಅದರಲ್ಲಿ ಟೀಕೆಯಿತ್ತು. ಆ ಪಕ್ಷದ ಸಚಿವರನ್ನು ಕೈಬಿಡಬೇಕೆಂದು ಕಾಂಗ್ರೆಸ್ ಪಟ್ಟು ಹಿಡಿಯಿತು. ಪ್ರಧಾನಿ ಐ. ಕೆ. ಗುಜ್ರಾಲರು ಒಪ್ಪಲಿಲ್ಲ. ಬೆಂಬಲ ಹೋಯಿತು, ಸರ್ಕಾರ ಉರುಳಿತು, ದೇಶ ಮತ್ತೆ ಚುನಾವಣೆ ಕಂಡಿತು. ಏಳು ವರ್ಷಗಳೊಳಗೆ, ೨೦೦೪ರ ಲೋಕಸಭಾ ಚುನಾವಣೆಯಲ್ಲಿ, ಅವೇ ಎರಡು ಪಕ್ಷಗಳು ಕೈ ಜೋಡಿಸಿ ನಿಂತವು. ಸಂಶಯವನ್ನು ಬೇಕಾದಾಗ ಹೊತ್ತಿಸಿ, ಬೇಡವಾದಾಗ ಆರಿಸುವ ರಾಜಕಾರಣಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

೧೯೯೮ರಲ್ಲಿ ಬಂದ ಅಂತಿಮ ವರದಿಯು ಇನ್ನೂ ಕೆಲವರ ಬಗ್ಗೆ ಹೆಚ್ಚಿನ ತನಿಖೆ ಆಗಬೇಕೆಂದಿತು. ಅವರಲ್ಲಿ ಅಂದಿನ ಅಧಿಕಾರವಲಯಗಳಲ್ಲಿ ಪ್ರಭಾವಿಯಾಗಿದ್ದ ಚಂದ್ರಾಸ್ವಾಮಿಯೂ ಒಬ್ಬರು. ಅದಕ್ಕಾಗಿಯೇ ಆ ವರ್ಷದ ಕೊನೆಯಲ್ಲಿ ಹಲವು ಇಲಾಖೆಗಳ ಅಧಿಕಾರಿಗಳನ್ನೊಳಗೊಂಡ ಸಂಸ್ಥೆಯೊಂದು ರಚಿತವಾಯಿತು. ಸುಮಾರು ಇಪ್ಪತ್ತನಾಲ್ಕು ವರ್ಷಗಳ ಬಳಿಕ, ೨೦೨೨ರಲ್ಲಿ, ಅದನ್ನು ವಿಸರ್ಜಿಸಲಾಯಿತು. ವಿಸ್ತೃತ ಸಂಚಿನಲ್ಲಿ ಯಾರೊಬ್ಬರ ಅಪರಾಧವೂ ನ್ಯಾಯಾಲಯದಲ್ಲಿ ಸ್ಥಾಪಿತವಾಗಲಿಲ್ಲ. ೨೦೧೭ರಲ್ಲಿ ಚಂದ್ರಾಸ್ವಾಮಿ ತೀರಿಕೊಂಡಾಗ ಅವರ ಮೇಲೆ ಈ ಪ್ರಕರಣದಲ್ಲಿ ಯಾವ ಅಪರಾಧವೂ ರುಜುವಾತಾಗಿರಲಿಲ್ಲ. "ತನಿಖೆಯಾಗಬೇಕು" ಎಂಬ ಮಾತಿಗೂ "ತಪ್ಪು ಮಾಡಿದ್ದಾನೆ" ಎಂಬ ಮಾತಿಗೂ ನಡುವಿರುವ ಅಂತರವನ್ನು ನಮ್ಮ ನಾಲಗೆ ಎಷ್ಟು ಸಲೀಸಾಗಿ ದಾಟಿಬಿಡುತ್ತದೆ!

ಸಂಶಯದ ಬೆಲೆ

ಇದರಿಂದ ಯಾರಿಗೇನು ನಷ್ಟ, ಕಾಲಹರಣದ ಮಾತಲ್ಲವೇ ಎಂದು ಕೇಳಬಹುದು. ನಷ್ಟ ಅನುಭವಿಸಿದವರು ಇದ್ದಾರೆ. ಪೂನಮಲ್ಲಿಯ ವಿಶೇಷ ನ್ಯಾಯಾಲಯವು ಮುಚ್ಚಿದ ಬಾಗಿಲೊಳಗೆ ವಿಚಾರಣೆ ನಡೆಸಿ, ೧೯೯೮ರ ಜನವರಿ ೨೮ರಂದು ಇಪ್ಪತ್ತಾರು ಆರೋಪಿಗಳಿಗೂ ಮರಣದಂಡನೆ ವಿಧಿಸಿತು. ೧೯೯೯ರ ಮೇ ೧೧ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ವರ ಮರಣದಂಡನೆಯನ್ನು ಎತ್ತಿಹಿಡಿದು, ಮೂವರಿಗೆ ಜೀವಾವಧಿ ಶಿಕ್ಷೆ ವಿಧಿಸಿ, ಉಳಿದ ಹತ್ತೊಂಬತ್ತು ಮಂದಿಯನ್ನು ಹತ್ಯೆಯ ಸಂಚಿನ ಆರೋಪದಿಂದ ಮುಕ್ತಗೊಳಿಸಿತು. ಅವರಲ್ಲಿ ಕೆಲವರ ಸಣ್ಣ ಅಪರಾಧಗಳಿಗೆ ಆಗಲೇ ಅನುಭವಿಸಿದ ಸೆರೆವಾಸವೇ ಸಾಕೆಂದಿತು. ಸಂಚುಗಾರರ ಪರಿಚಯವಿದ್ದ ಮಾತ್ರಕ್ಕೆ, ಆಶ್ರಯ ಕೊಟ್ಟ ಮಾತ್ರಕ್ಕೆ ಒಬ್ಬನು ಸಂಚುಗಾರನಾಗುವುದಿಲ್ಲವೆಂಬುದು ಆ ತೀರ್ಪಿನ ತಿರುಳು. ಹತ್ತೊಂಬತ್ತು ಜೀವಗಳು ಹದಿನೈದು ತಿಂಗಳ ಕಾಲ ನೇಣಿನ ನೆರಳಿನಲ್ಲಿದ್ದುವು.

ಉಳಿದವರಲ್ಲೊಬ್ಬನಾದ ಪೇರರಿವಾಳನ್ ಸೆರೆಯಾದಾಗ ಹತ್ತೊಂಬತ್ತರ ಯುವಕ. ಒಂಬತ್ತು ವೋಲ್ಟಿನ ಎರಡು ಬ್ಯಾಟರಿಗಳನ್ನು ತಂದುಕೊಟ್ಟನೆಂಬುದು ಅವನ ಮೇಲಿನ ಮುಖ್ಯ ಆರೋಪ. ಅವುಗಳ ಬಳಕೆ ಯಾವುದಕ್ಕೆಂಬುದು ತನಗೆ ತಿಳಿಯದೆಂದು ಅವನು ಹೇಳಿದ್ದ ಮಾತನ್ನು ತಾನು ಹೇಳಿಕೆಯಲ್ಲಿ ಬರೆದುಕೊಂಡಿರಲಿಲ್ಲವೆಂದು, ಅದನ್ನು ದಾಖಲಿಸಿದ್ದ ಅಧಿಕಾರಿಯೇ ೨೦೧೩ರಲ್ಲಿ ಬಹಿರಂಗವಾಗಿ ಹೇಳಿದರು. ಮೂವತ್ತೊಂದು ವರ್ಷಗಳ ಬಳಿಕ, ೨೦೨೨ರ ಮೇ ೧೮ರಂದು, ಅವನು ಬಿಡುಗಡೆಯಾದ. ಉಳಿದ ಆರು ಮಂದಿ ಅದೇ ನವೆಂಬರಿನಲ್ಲಿ ಹೊರಬಂದರು. ಆ ಬಿಡುಗಡೆ ಸರಿಯೇ ಎಂಬ ಬಗ್ಗೆ, ಆ ರಾತ್ರಿ ತಮ್ಮವರನ್ನು ಕಳೆದುಕೊಂಡ ಪೊಲೀಸ್ ಕುಟುಂಬಗಳ ನೋವೂ ಸೇರಿದಂತೆ, ನ್ಯಾಯವಾದ ಭಿನ್ನಾಭಿಪ್ರಾಯಗಳಿವೆ. ಆದರೆ ಬರೆಯದೆ ಬಿಟ್ಟ ಒಂದು ವಾಕ್ಯ ಎಷ್ಟು ಭಾರವಾಗಬಲ್ಲದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದುದರಿಂದ ಸಂಶಯವೇ ಕೂಡದೆನ್ನುವುದೂ ತಪ್ಪು. ಸರ್ಕಾರದ ಮಾತೂ ಪರೀಕ್ಷೆಗೆ ಒಳಗಾಗಬೇಕು, ಸಂಶಯಿಗಳ ಮಾತೂ ಒಳಗಾಗಬೇಕು. ತಕ್ಕಡಿ ಮಾತ್ರ ಒಂದೇ ಇರಬೇಕು.

ಮನೆಯಲ್ಲಿ ಮಾತು ಬಂದಾಗ

ದೊಡ್ಡವರ ಸಾವಿಗೆ ದೊಡ್ಡ ಕಾರಣವೇ ಇರಬೇಕೆಂದು ಮನಸ್ಸು ಬಯಸುತ್ತದೆ. ಕೆಲವೇ ಮಂದಿಯ ದ್ವೇಷ, ಹಲವರ ಅಜಾಗರೂಕತೆ, ಒಂದು ಹಾರ: ಇಷ್ಟರಿಂದ ದೇಶದ ಚರಿತ್ರೆ ತಿರುಗಿತೆಂಬುದನ್ನು ಒಪ್ಪಲು ಕಷ್ಟ. ಆ ಕಷ್ಟವನ್ನು ಊಹೆ ಹಗುರಗೊಳಿಸುತ್ತದೆ, ಅಷ್ಟೆ. "ಲಾಭ ಯಾರಿಗಾಯಿತೋ ಅವರೇ ಮಾಡಿಸಿದರು" ಎಂಬ ತರ್ಕವೂ ಇದೇ ಜಾತಿಯದು. ಸಾವಿನಿಂದ ಆಸ್ತಿ ಪಡೆದ ಮಕ್ಕಳೆಲ್ಲ ತಂದೆಯನ್ನು ಕೊಂದವರೆನ್ನಲಾದೀತೇ?

ಮಕ್ಕಳೂ ಯುವಕರೂ ಇಂಥ ವಿಷಯ ಎತ್ತಿದಾಗ ಹಿರಿಯರು ಬಾಯಿ ಮುಚ್ಚಿಸಬೇಕಾದುದಿಲ್ಲ. "ನೀನು ಕೇಳುತ್ತಿರುವುದು ಮೂರರಲ್ಲಿ ಯಾವ ಪ್ರಶ್ನೆ? ಇದನ್ನು ಕಂಡವರು ಯಾರು, ಕೇಳಿದವರು ಯಾರು? ಏನು ದೊರೆತರೆ ಈ ಮಾತು ಸುಳ್ಳೆಂದು ನೀನು ಒಪ್ಪುವೆ?" ಎಂದು ಕೇಳಿದರೆ ಸಾಕು. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ವಾದ ವಿಚಾರವಲ್ಲ, ಬರಿಯ ನಂಬಿಕೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕಾಗಿಯೇ.

ಸ್ವತಃ ರಾಜೀವರ ಕುಟುಂಬದ ನಡವಳಿಕೆಯೂ ಇಲ್ಲಿ ನೆನೆಯತಕ್ಕದ್ದು. ಮರಣದಂಡನೆಗೆ ಗುರಿಯಾಗಿದ್ದ ನಳಿನಿಯನ್ನು ನೇಣಿಗೇರಿಸಬಾರದೆಂದು ಸೋನಿಯಾ ಗಾಂಧಿಯವರು ಕೋರಿದರು. ೨೦೦೦ದಲ್ಲಿ ಆಕೆಯ ಶಿಕ್ಷೆ ಜೀವಾವಧಿಗೆ ಇಳಿಯಿತು. ೨೦೦೮ರ ಮಾರ್ಚ್‌ನಲ್ಲಿ ಮಗಳು ಪ್ರಿಯಾಂಕಾ ವೆಲ್ಲೂರಿನ ಸೆರೆಮನೆಗೆ ಹೋಗಿ ಅದೇ ನಳಿನಿಯನ್ನು ಕಂಡು ಬಂದರು. ತಂದೆಯನ್ನು ಕಳೆದುಕೊಂಡ ಮಗಳು, ಊಹೆಗಳನ್ನು ನಂಬಿ ಕೂರದೆ, ಉತ್ತರ ಬಲ್ಲವರೆದುರೇ ಹೋಗಿ ಕುಳಿತಳು. ಸತ್ಯ ಬೇಕೆನ್ನುವವರು ತುಳಿಯಬೇಕಾದ ದಾರಿ ಅದು. ರಾಜೀವರೊಡನೆ ಅಳಿದ ಆ ಹದಿನೈದು ಮಂದಿಗೂ, ಅವರ ಮನೆಯವರಿಗೂ ನಾವು ಸಲ್ಲಿಸಬಹುದಾದ ಗೌರವ ಇಷ್ಟೆ: ತಿಳಿದುದನ್ನು ತಿಳಿದಷ್ಟೇ ಹೇಳುವುದು, ತಿಳಿಯದುದಕ್ಕೆ ಒಬ್ಬರ ಹೆಸರನ್ನು ಅಂಟಿಸದಿರುವುದು.