ಬಿಸಿಲೂರಿನ ತಂಪು ಮಿಸ್ತ್ರಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಓಣಿಯೊಂದರಲ್ಲಿರುವ ಆ ಕೂಲರ್ ರಿಪೇರಿ ಅಂಗಡಿಗೆ ಬೋರ್ಡೂ ಇಲ್ಲ. ತಗಡಿನ ಡಬ್ಬಿಗಳು, ಬಿಚ್ಚಿಟ್ಟ ಮೋಟರ್‌ಗಳು, ಮೂಲೆಯಲ್ಲಿ ಕೂಲರ್ ಹುಲ್ಲಿನ ಮೂಟೆಗಳು. ಮುಂದಿನ ಪಡಸಾಲೆಯ ಗೋಡೆಗೆ ಮಾತ್ರ ಬೇರೆಲ್ಲೂ ಕಾಣದ ಒಂದು ಸಾಮಾನು: ಪಕ್ಕಪಕ್ಕದಲ್ಲಿ ತೂಗುಹಾಕಿದ ಎರಡು ಥರ್ಮಾಮೀಟರ್. ಒಂದರ ಬುಡಕ್ಕೆ ಲಾಟೀನಿನ ಬತ್ತಿಯ ತುಂಡು ಸುತ್ತಿ, ಬತ್ತಿಯ ಇನ್ನೊಂದು ತುದಿಯನ್ನು ಔಷಧದ ಸೀಸೆಯ ನೀರಿಗೆ ಇಳಿಬಿಟ್ಟಿದ್ದರು. ಎದುರಿಗೊಂದು ಟೇಬಲ್ ಫ್ಯಾನ್ ತಿರುಗುತ್ತಿತ್ತು. ಏಪ್ರಿಲ್ ಕೊನೆ, ಮಧ್ಯಾಹ್ನ ಮೂರರ ಹೊತ್ತು. ಒಣ ಥರ್ಮಾಮೀಟರ್ 42 ಡಿಗ್ರಿ ತೋರಿಸುತ್ತಿತ್ತು. ಹಸಿ ಬತ್ತಿಯದು 22.

‘ಎರಡರ ನಡು ಇಪ್ಪತ್ತು ಫರಕ್ ಅದರಿ’ ಎಂದರು ಮಿಸ್ತ್ರಿ, ಮೋಟರಿನಿಂದ ಕಣ್ಣು ಎತ್ತದೆ. ‘ಇಷ್ಟು ಫರಕ್ ಇದ್ದಾಗ ಎ.ಸಿ. ಯಾಕ ಬೇಕ್ರಿ? ಜೂನ್ ತಿಂಗಳದಾಗ ಬರ್ರಿ, ಆರೇಳು ಡಿಗ್ರಿ ಉಳೀತದ. ಆಗ ಕೂಲರ್ ಬ್ಯಾಡ ಅಂತ ನಾನೇ ಹೇಳ್ತೀನಿ.’

ಅಕ್ಕನ ಮನೆಯ ಕೂಲರ್ ಕೆಟ್ಟಿತ್ತು. ಒಳ್ಳೆಯ ಮಿಸ್ತ್ರಿ ಯಾರಿದ್ದಾರೆಂದು ವಿಚಾರಿಸುತ್ತ ಅಲ್ಲಿಗೆ ಹೋಗಿದ್ದೆ. ಸಿಕ್ಕಿದ್ದು ಮಾತ್ರ ಒಂದು ಪುಟ್ಟ ಹವಾಮಾನ ಕೇಂದ್ರ. ವೀಕ್ಷಣಾಲಯಗಳಲ್ಲಿ ಜಾಲರಿಯ ಬಿಳಿ ಪೆಟ್ಟಿಗೆಯೊಳಗೆ ಇರುವುದೂ ಇದೇ ಜೋಡಿ. ಐ.ಟಿ.ಐ.ಯಲ್ಲಿ ರೆಫ್ರಿಜರೇಷನ್ ಟ್ರೇಡ್ ಕಲಿಯುವಾಗ ನೋಡಿದ್ದನ್ನು ಅವರು ಅಂಗಡಿಯ ಗೋಡೆಗೆ ತಂದು ಹಾಕಿದ್ದರು. ಕೂಲರ್ ಕೊಳ್ಳಬೇಕೋ ಎ.ಸಿ. ಕೊಳ್ಳಬೇಕೋ ಎಂದು ಕೇಳಿ ಬಂದವರನ್ನು ಮೊದಲು ಆ ಗೋಡೆಯ ಮುಂದೆ ನಿಲ್ಲಿಸುತ್ತಾರೆ. ಊರೂರಿನ ಶೋರೂಮುಗಳಲ್ಲಿ ಇಎಂಐ ಲೆಕ್ಕ ಕೇಳಿ ಬೇಸತ್ತ ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಲೆಕ್ಕ ಸರಳ. ನೀರು ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಮಣ್ಣಿನ ಹರವಿಯ ನೀರು ತಂಪಾಗುವುದೂ ಹಾಗೆಯೇ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೋಗುತ್ತದೆ, ಅಂದರೆ ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ಗಾಳಿ ಎಷ್ಟು ಒಣಗಿದೆಯೋ ಅಷ್ಟು ಬೇಗ ಆವಿ. ಕೂಲರಿನ ಗಾಳಿ ಹಸಿ ಬತ್ತಿಯ ಅಂಕಿಗಿಂತ ಕೆಳಗೆ ಇಳಿಯಲಾರದು, ಆದರೆ ಒಳ್ಳೆಯ ಹುಲ್ಲಿದ್ದರೆ ಎರಡು ಅಂಕಿಗಳ ನಡುವಿನ ದಾರಿಯಲ್ಲಿ ಮುಕ್ಕಾಲು ಪಾಲು ಇಳಿಯುತ್ತದೆ. ಹಾಗಾಗಿ 42ರ ಗಾಳಿ ಕೋಣೆಯೊಳಗೆ 27 ಆಗಿ ಬರುತ್ತದೆ. ಇದೇ ಕೂಲರನ್ನು ಮಂಗಳೂರಿಗೆ ಒಯ್ಯಿರಿ. ಅಲ್ಲಿ 34 ಡಿಗ್ರಿ, ಶೇ 70 ತೇವಾಂಶವಿದ್ದರೆ ಹಸಿ ಬತ್ತಿ 29ರ ಹತ್ತಿರ ನಿಲ್ಲುತ್ತದೆ. ಕೂಲರ್ ಮೂರು ನಾಲ್ಕು ಡಿಗ್ರಿ ಇಳಿಸುವಷ್ಟರಲ್ಲಿ ಕೋಣೆಯ ಗೋಡೆ, ಹಾಸಿಗೆ, ಮೈ ಎಲ್ಲ ಅಂಟಂಟು. ಕರಾವಳಿಯವರು ಕೂಲರನ್ನು ಬೈಯುವುದೂ ನ್ಯಾಯ, ಕಲಬುರಗಿಯವರು ಹೊಗಳುವುದೂ ನ್ಯಾಯ.

ಮಿಸ್ತ್ರಿ ಆ ದಿನ ಒಂದು ಹಳೆಯ ತಗಡಿನ ಕೂಲರಿಗೆ ಲಾವಂಚದ ಬೇರು ತುಂಬುತ್ತಿದ್ದರು. ಸಾಮಾನ್ಯ ಹುಲ್ಲೆಂದರೆ ಮರದ ಎಳೆ. ಅಗ್ಗ, ಒಂದು ಬೇಸಿಗೆಗೆ ಸಾಕು. ಈಗಿನ ಜೇನುಗೂಡಿನಂಥ ಪ್ಯಾಡು ಕಾಗದದ ಪದರುಗಳಿಂದ ಆದದ್ದು, ನಾಲ್ಕಾರು ವರ್ಷ ಬಾಳುತ್ತದೆ. ಲಾವಂಚ ಕೇಳುವವರು ಕಡಿಮೆ, ಬೆಲೆಯೂ ಜಾಸ್ತಿ. ನೀರು ಬಿಟ್ಟ ಕೂಡಲೇ ಅಂಗಡಿ ತುಂಬ ಹರಡಿದ ಮೊದಲ ಮಳೆಯ ವಾಸನೆ ನನ್ನನ್ನು ನೇರವಾಗಿ ಇತಿಹಾಸಕ್ಕೆ ಎಳೆದೊಯ್ದಿತು. ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು, ಈ ವಿಷಯ ನನಗೆ ಅಚ್ಚುಮೆಚ್ಚು.

ಬಿದಿರಿನ ಚೌಕಟ್ಟಿಗೆ ಲಾವಂಚ ಕಟ್ಟಿ, ಅದಕ್ಕೆ ನೀರೆರಚಿ ಕೋಣೆಗೆ ತಂಪು ತರುವ ಪದ್ಧತಿಯನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲೇ ದಾಖಲಿಸಿದ್ದಾನೆ. ಆಮೇಲೆ ಬಂದ ಕಂಪನಿ ಸಾಹೇಬರು ಇದೇ ಖಸ್ ತಟ್ಟಿಗಳನ್ನು ಬಂಗಲೆಯ ಬಾಗಿಲಿಗೆ ಹಾಕಿಕೊಂಡರು. ತಟ್ಟಿಗೊಂದು ತೊಡಕಿತ್ತು: ಹೊರಗೆ ಬಿಸಿಗಾಳಿ ಬೀಸಿದರೆ ಮಾತ್ರ ಒಳಗೆ ತಂಪು. ಗಾಳಿ ನಿಂತ ದಿನ ತಟ್ಟಿ ಬರೀ ಒದ್ದೆ ಪರದೆ. ಆಗ ಬಂತು ‘ಥರ್ಮ್ಯಾಂಟಿಡೋಟ್’ ಎಂಬ ಘನವಾದ ಹೆಸರಿನ ಯಂತ್ರ.

ಆಳೆತ್ತರ ಮೀರಿದ ಮರದ ಪೆಟ್ಟಿಗೆ. ಒಳಗೆ ಅಡ್ಡ ಕಂಬಿಗೆ ಜೋಡಿಸಿದ ರೆಕ್ಕೆಗಳು. ಪಕ್ಕಗಳಲ್ಲಿ ಲಾವಂಚದ ತಟ್ಟಿ, ಮೇಲಿನಿಂದ ಅದರ ಮೇಲೆ ತೊಟ್ಟಿಕ್ಕುವ ನೀರು. ಮುಂದಿನ ಬಾಯಿ ಕಿಟಕಿಯ ಮೂಲಕ ಮನೆಯೊಳಗೆ. ಅಲಹಾಬಾದಿನಲ್ಲಿ ವಾಸವಿದ್ದ ಫ್ಯಾನಿ ಪಾರ್ಕ್ಸ್ ಎಂಬ ಇಂಗ್ಲಿಷ್ ಮಹಿಳೆ 1850ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಗ್ರಂಥದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾಳೆ. ಮೋಟರ್ ಒಂದನ್ನು ಬಿಟ್ಟರೆ ಈ ಅಂಗಡಿಯಲ್ಲಿದ್ದ ಕೂಲರಿಗೂ ಅದಕ್ಕೂ ಒಂದಿಷ್ಟೂ ವ್ಯತ್ಯಾಸವಿಲ್ಲ. ರೆಕ್ಕೆ, ಒದ್ದೆ ಬೇರು, ಮೇಲಿಂದ ನೀರು, ಕಿಟಕಿಗೆ ಬಾಯಿ, ಎಲ್ಲವೂ ಅಲ್ಲೇ ಇದೆ.

ಮೋಟರಿನ ಜಾಗದಲ್ಲಿ ಇದ್ದದ್ದು ಮನುಷ್ಯ. ಹೊರಗೆ ವರಾಂಡದ ಬಿಸಿಗಾಳಿಯಲ್ಲಿ ನಿಂತು ಹಿಡಿಕೆ ತಿರುಗಿಸುತ್ತಿದ್ದ ಕೂಲಿಯಾಳು. ಒಳಗಿನ ತಂಪಿನ ಬಗ್ಗೆ ಪುಟಗಟ್ಟಲೆ ಬರೆದವರು ಅವನ ಬೆವರಿನ ಬಗ್ಗೆ ಒಂದೆರಡು ಸಾಲಿಗೆ ಸುಸ್ತಾಗುತ್ತಾರೆ. ಮಿಸ್ತ್ರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕು ಎದುರಿನ ಮೂರು ಮಹಡಿ ಕಟ್ಟಡ ತೋರಿಸಿದರು. ಸಾಲಾಗಿ ಎ.ಸಿ. ಹೊರಘಟಕಗಳು, ಎಲ್ಲದರ ಬಾಯಿ ಓಣಿಯ ಕಡೆಗೆ. ‘ಈಗೂ ಅಷ್ಟೇ ಅಲ್ರಿ? ಒಳಗಿದ್ದವ್ರಿಗೆ ಥಂಡಿ, ಓಣ್ಯಾಗ ಇದ್ದವ್ರಿಗೆ ಉರಿ.’ ಎ.ಸಿ. ಒಳಗಿನ ಶಾಖವನ್ನು ಹೊರಗೆ ತಳ್ಳುತ್ತದೆ, ಜೊತೆಗೆ ತಾನು ತಿಂದ ಕರೆಂಟನ್ನೂ ಶಾಖವಾಗಿಸಿ ಬೀದಿಗೆ ಸುರಿಯುತ್ತದೆ. ಅವರ ಮಾತಿನಲ್ಲಿ ಭೌತಶಾಸ್ತ್ರದ ತಪ್ಪೇನೂ ಇರಲಿಲ್ಲ.

ಮುಂದಿನ ಕತೆ ಎಲ್ಲರಿಗೂ ಗೊತ್ತಿರುವುದೇ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಯಂತ್ರ ರೂಪಿಸಿದ್ದು ಕಾಗದ ತೇವಕ್ಕೆ ಹಿಗ್ಗಬಾರದೆಂದು. ಮನುಷ್ಯರ ಸುಖ ಆಮೇಲೆ ಬಂತು. 1930ರ ದಶಕದಲ್ಲಿ ಅಮೆರಿಕದ ಅರಿಜೋನಾದ ಮರುಭೂಮಿ ಊರುಗಳಲ್ಲಿ ವಿದ್ಯುತ್ ಕೂಲರ್ ಮನೆಮನೆ ಹೊಕ್ಕಿತು. ನಮ್ಮಲ್ಲಿ 2006ರಲ್ಲಿ ಸ್ಟಾರ್ ಗುರುತು ಶುರುವಾಯಿತು, 2010ರಿಂದ ಎ.ಸಿ.ಗಳಿಗೆ ಕಡ್ಡಾಯವಾಯಿತು. 2020ರಿಂದ ಸ್ಟಾರ್ ಗುರುತಿನ ಎ.ಸಿ.ಗಳು ಆನ್ ಮಾಡಿದಾಗ 24 ಡಿಗ್ರಿಗೇ ನಿಲ್ಲಬೇಕೆಂಬ ನಿಯಮ ಬಂತು. ರಿಮೋಟ್ ಕೈಗೆ ಸಿಕ್ಕ ಕೂಡಲೇ 18ಕ್ಕೆ ಇಳಿಸುವವರಿಗೆ ನಿಯಮದಿಂದೇನು?

ಮರುದಿನ ಬೆಳಿಗ್ಗೆ ಮಿಸ್ತ್ರಿ ಅಕ್ಕನ ಮನೆಗೆ ಬಂದರು. ಕಲಬುರಗಿಯಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಇವರ ಕೆಲಸ ಇನ್ನೂ ಬೇಗ. ಬಂದವರೇ ಕೂಲರ್ ಕಡೆ ನೋಡಲಿಲ್ಲ, ಮಾಳಿಗೆ ಹತ್ತಿದರು. ಕಾಂಕ್ರೀಟ್ ಛಾವಣಿ, ನೆರಳಿಲ್ಲ, ಸುಣ್ಣ ಕಂಡು ವರ್ಷಗಳಾಗಿವೆ. ‘ಮೊದಲು ಇದಕ್ಕ ಬಿಳಿ ಹಚ್ಚಸ್ರಿ’ ಎಂದರು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಶಹಾಬಾದ್ ಕಲ್ಲಿನ ನೆಲದ ಹಳೆಯ ಮನೆಗಳಿಗೆ ಫ್ಯಾನೂ ಬೇಡವಾಗಿತ್ತು ಎಂಬುದು ಈ ಭಾಗದ ಹಿರಿಯರ ನಿತ್ಯದ ಮಾತು. ನಾಲ್ಕಂಗುಲದ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿಯೆಲ್ಲ ಆ ಬಿಸಿ ಕೆಳಗೆ ಬಿಡುವಾಗ ಯಾವ ಯಂತ್ರವಾದರೂ ಎಷ್ಟೆಂದು ದುಡಿದೀತು?

ಆಮೇಲೆ ಕೂಲರ್ ಬಿಚ್ಚಿದರು. ಬೋರ್‌ವೆಲ್ ನೀರಿನ ಉಪ್ಪು ಹುಲ್ಲಿನ ಮೇಲೆ ಬೆಳ್ಳಗೆ ಗಟ್ಟಿಯಾಗಿ ಗಾಳಿಯ ದಾರಿ ಕಟ್ಟಿತ್ತು. ಮೋಟರ್ ಗುಂಯ್‌ಗುಟ್ಟುತ್ತಿತ್ತೇ ಹೊರತು ಓಡುತ್ತಿರಲಿಲ್ಲ. ಕಡ್ಡಿಯಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದರು, ತಿರುಗಿತು. ‘ವೈಂಡಿಂಗ್ ಛಲೋ ಅದ, ಕಂಡೆನ್ಸರ್ ಹೋಗ್ಯದ.’ ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಡಬ್ಬಿಯೊಂದನ್ನು ಬದಲಿಸಿದರು, ಅಷ್ಟೇ. ಇದೇ ಲಕ್ಷಣ ನೋಡಿ ಮೋಟರ್ ಸುಟ್ಟಿದೆ ಎಂದು ಹೊಸ ಮೋಟರಿನ ಬೆಲೆ ಹೇಳುವವರಿಗೂ ಕೊರತೆಯಿಲ್ಲ.

ಕೊನೆಗೆ ಕೋಣೆಯ ಎದುರು ಕಿಟಕಿಯನ್ನು ಅರ್ಧ ತೆರೆದರು. ಅಕ್ಕ ಗಾಬರಿಯಾದಳು, ತಂಪೆಲ್ಲ ಹೊರಗೆ ಹೋಗುವುದಿಲ್ಲವೇ ಎಂದು. ಹೋಗಲೇಬೇಕು. ಕೂಲರ್ ಹೊರಗಿನ ಒಣ ಗಾಳಿ ಎಳೆದು ಒಳಗೆ ತಳ್ಳುತ್ತದೆ; ಹಸಿಯಾದ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಒಂದೇ ತಾಸಿನಲ್ಲಿ ಕಲಬುರಗಿಯ ಕೋಣೆ ಮಂಗಳೂರಾಗುತ್ತದೆ. ಎ.ಸಿ.ಗೆ ಕಿಟಕಿ ಮುಚ್ಚಬೇಕು, ಕೂಲರಿಗೆ ತೆರೆಯಬೇಕು. ‘ನಮ್ಮ ಕೂಲರ್ ಕೆಲಸವೇ ಮಾಡುವುದಿಲ್ಲ’ ಎನ್ನುವವರ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಕಿಟಕಿಯನ್ನು.

ಎ.ಸಿ. ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ ಎಂಬುದನ್ನು ಓದುಗರು ಗಮನಿಸಿರಬಹುದು. ಆದರೂ ಕರಾವಳಿಯಲ್ಲಿ, ಹೃದ್ರೋಗಿಗಳಿರುವ ಮನೆಯಲ್ಲಿ, ಒಣ ನಾಡಿನಲ್ಲೂ ಜೂನ್ ಬಂದ ಮೇಲೆ ಅದಕ್ಕೆ ಬದಲಿಯಿಲ್ಲ. ದುಬಾರಿ ಎಂಬುದೂ ನಿಜ: ಒಂದೂವರೆ ಟನ್ನಿನ ಎ.ಸಿ. ಪೂರ್ತಿ ದುಡಿಯುವಾಗ ಗಂಟೆಗೆ ಒಂದೂವರೆ ಯೂನಿಟ್‌ನಷ್ಟು ತಿಂದರೆ, ಕೂಲರಿನ ಮೋಟರ್ ಮತ್ತು ಪಂಪು ಸೇರಿ 150ರಿಂದ 200 ವಾಟ್. ಎ.ಸಿ. ರಿಪೇರಿಯಲ್ಲಿ ಜನ ಹೆಚ್ಚು ಮೋಸ ಹೋಗುವುದು ಒಂದೇ ಮಾತಿಗೆ: ‘ಗ್ಯಾಸ್ ಖಾಲಿಯಾಗಿದೆ.’ ಬೆಂಗಳೂರಿನ ಗೆಳೆಯರೊಬ್ಬರು ಫೋನಿನಲ್ಲಿ ಕರೆಸಿದ ತಂತ್ರಜ್ಞರಿಗೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿದ ದುಡ್ಡು ಕೊಟ್ಟರು. ಎ.ಸಿ.ಯ ಗ್ಯಾಸ್ ಮುಚ್ಚಿದ ಕೊಳವೆಯಲ್ಲಿ ಸುತ್ತುವಂಥದ್ದು, ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕಿ ಬೆಸೆದು, ವ್ಯಾಕ್ಯೂಮ್ ಪಂಪಿನಿಂದ ಕೊಳವೆ ಖಾಲಿ ಮಾಡಿ, ತೂಕ ನೋಡಿ ತುಂಬುವವರು ಕಸುಬು ಬಲ್ಲವರು. ಈಗಿನ ಆರ್-32 ತುಸು ಉರಿಯುವ ಗ್ಯಾಸ್, ಆರ್-290 ಎಂದರೆ ಸಾಕ್ಷಾತ್ ಪ್ರೊಪೇನ್. ಬೀಡಿ ಸೇದುತ್ತ ಇವನ್ನು ತುಂಬುವವರನ್ನು ಮನೆಯೊಳಗೆ ಬಿಡಬೇಡಿ.

ಕೂಲರಿಗೂ ದೋಷಗಳಿವೆ. ಅದು ನೀರು ಕುಡಿಯುತ್ತದೆ. ದೊಡ್ಡದಾದರೆ 60 ಲೀಟರಿನ ತೊಟ್ಟಿ ಬಿರುಬೇಸಿಗೆಯ ಹಗಲಿನಲ್ಲಿ ಕೆಲವೇ ತಾಸಿಗೆ ಬರಿದು. ನಲ್ಲಿ ನೀರಿಗೆ ಕಾಯುವ ಓಣಿಗಳಲ್ಲಿ ಇದು ಸಣ್ಣ ಮಾತಲ್ಲ. ವಾರಗಟ್ಟಲೆ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ, ಆದ್ದರಿಂದ ವಾರಕ್ಕೊಮ್ಮೆಯಾದರೂ ತೊಟ್ಟಿ ಬರಿದು ಮಾಡಿ ತಿಕ್ಕಿ ಒಣಗಿಸಬೇಕು. ಎಲ್ಲಕ್ಕಿಂತ ಮುಖ್ಯ ಅರ್ಥಿಂಗ್. ತಗಡಿನ ಮೈ, ಒದ್ದೆ ನೆಲ, ಬರಿಗಾಲು, ಎರಡು ಪಿನ್ನಿನ ಪ್ಲಗ್ಗು: ಬೇಸಿಗೆಯಲ್ಲಿ ಕೂಲರ್ ಶಾಕ್‌ಗೆ ಜನ ಸಾಯುವುದು ಹೀಗೆ. ಮಿಸ್ತ್ರಿ ಅಕ್ಕನ ಮನೆಯಿಂದ ಹೊರಡುವ ಮುನ್ನ ಟೆಸ್ಟ್ ಲ್ಯಾಂಪ್ ಹಿಡಿದು ಅರ್ಥಿಂಗ್ ನೋಡಿದರು, ಪ್ಲಗ್ ಕಿತ್ತ ಮೇಲೇ ನೀರು ತುಂಬಬೇಕೆಂದು ಎರಡು ಸಲ ಹೇಳಿದರು.

ಇಂಥವರನ್ನು ಹುಡುಕುವುದು ಹೇಗೆ? ಹಾರ್ಡ್‌ವೇರ್ ಅಂಗಡಿಯಲ್ಲಿ, ಮೋಟರ್ ವೈಂಡಿಂಗ್ ಮಾಡುವವರಲ್ಲಿ ಕೇಳಿ. ಬಿಡಿಭಾಗ ಮಾರುವವರಿಗೆ ಯಾರ ಕೈ ಚೆನ್ನ ಎಂಬುದು ಗೊತ್ತಿರುತ್ತದೆ. ಚಳಿಗಾಲದಲ್ಲಿ ನಿಮ್ಮ ಓಣಿಯ ಗೀಸರ್ ಕಾಯಿಲ್ ಬದಲಿಸುವವರೇ ಬೇಸಿಗೆಗೆ ಕೂಲರ್ ಮಿಸ್ತ್ರಿಯಾಗಿರುವುದು ಸಾಮಾನ್ಯ, ಅವರ ನಂಬರ್ ಇಟ್ಟುಕೊಳ್ಳಿ. ಬಂದವರು ಸ್ಕ್ರೂಡ್ರೈವರ್ ತೆಗೆಯುವ ಮುನ್ನ ಪ್ರಶ್ನೆ ಕೇಳುತ್ತಾರೋ ನೋಡಿ: ಛಾವಣಿ ಎಂಥದ್ದು, ಪಶ್ಚಿಮಕ್ಕೆ ಕಿಟಕಿ ಇದೆಯೇ, ನೀರು ಯಾವುದು, ಯಾವಾಗಿನಿಂದ ಹೀಗೆ. ಕೆಟ್ಟ ಭಾಗವನ್ನು ನಿಮ್ಮ ಕೈಗೆ ಕೊಟ್ಟು ಹೋಗುವವರನ್ನು ಬಿಡಬೇಡಿ. ಏಪ್ರಿಲ್‌ನಲ್ಲಿ ಕರೆದರೆ ಎಷ್ಟೇ ಒಳ್ಳೆಯ ಮಿಸ್ತ್ರಿಗೂ ನಿಮ್ಮ ಮನೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯವಿರುವುದಿಲ್ಲ. ಫೆಬ್ರುವರಿಯಲ್ಲೇ ಕರೆಯಿರಿ, ಕೇಳಿದ ಕೂಲಿ ಚೌಕಾಶಿ ಮಾಡದೆ ಕೊಡಿ.