ಹೆಪಟೈಟಿಸ್-ಸಿ: ಚಿಕಿತ್ಸೆಯ ದಿನಗಳಲ್ಲಿ ಭರವಸೆಯೇ ಬಲ

ರಕ್ತದಾನಕ್ಕೆಂದು ಹೋದಾಗಲೋ, ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತ ಪರೀಕ್ಷೆ ಮಾಡಿಸಿದಾಗಲೋ ಅನಿರೀಕ್ಷಿತವಾಗಿ ತಿಳಿದುಬರುವ ಕಾಯಿಲೆಗಳಲ್ಲಿ ಹೆಪಟೈಟಿಸ್-ಸಿ ಒಂದು. ವರ್ಷಾನುಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಯಕೃತ್ತಿನಲ್ಲಿ ನೆಲೆಸುವ ಈ ವೈರಸ್, ಕ್ರಮೇಣ ಸಿರೋಸಿಸ್‌ಗೂ ಕ್ಯಾನ್ಸರ್‌ಗೂ ದಾರಿ ಮಾಡಿಕೊಡಬಲ್ಲದು. ಇಷ್ಟು ಕೇಳಿದೊಡನೆ ರೋಗಿಯ ಧೈರ್ಯ ಕುಸಿಯುವುದು ಸಹಜ. ಆದರೆ ದೀರ್ಘಕಾಲ ಕಾಡುವ ವೈರಸ್ ಸೋಂಕುಗಳ ಪೈಕಿ ಔಷಧದಿಂದ ಸಂಪೂರ್ಣ ಗುಣವಾಗುವ ಸೋಂಕು ಇದು ಎಂಬುದನ್ನು ಬಹಳ ಮಂದಿ ಅರಿತಿಲ್ಲ.

ಬದಲಾದ ಚಿಕಿತ್ಸೆ

ಈ ವೈರಸ್ಸನ್ನು ಗುರುತಿಸಿದ್ದು 1989ರಲ್ಲಿ. ಮುಂದೆ ಹಲವು ವರ್ಷಗಳ ಕಾಲ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರೈಬಾವಿರಿನ್ ಮಾತ್ರೆಗಳೇ ಗತಿಯಾಗಿದ್ದವು. 24 ಅಥವಾ 48 ವಾರಗಳ ಆ ಚಿಕಿತ್ಸೆಯಲ್ಲಿ ಜ್ವರ, ಮೈಕೈ ನೋವು, ರಕ್ತಹೀನತೆ, ಕೂದಲು ಉದುರುವಿಕೆ, ಖಿನ್ನತೆ ಸಾಮಾನ್ಯವಾಗಿದ್ದವು. ಇಷ್ಟೆಲ್ಲ ಸಹಿಸಿದರೂ ಗುಣವಾಗುತ್ತಿದ್ದವರು ಸರಿಸುಮಾರು ಅರ್ಧದಷ್ಟು ಮಂದಿ. ಇಂದಿಗೂ ಅನೇಕರನ್ನು ಹೆದರಿಸುತ್ತಿರುವುದು ಆ ಕಾಲದ ಕಥೆಗಳೇ.

2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್ ಮಾತ್ರೆಗೆ ಅನುಮತಿ ದೊರೆತ ಬಳಿಕ ಚಿತ್ರಣವೇ ಬದಲಾಯಿತು. ವೈರಸ್ ವೃದ್ಧಿಯಾಗುವುದನ್ನೇ ನೇರವಾಗಿ ತಡೆಯುವ ಇಂಥ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ಸೇವಿಸಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಆರಂಭದಲ್ಲಿ ಅಮೆರಿಕದಲ್ಲಿ 12 ವಾರಗಳ ಔಷಧಕ್ಕೆ 84,000 ಡಾಲರ್ ಬೆಲೆಯಿತ್ತು. 2014ರಲ್ಲಿ ಭಾರತೀಯ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ದೊರೆತು ಇಲ್ಲಿ ಬೆಲೆ ಬಹಳ ಇಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಈ ಕುರಿತು ವಿಚಾರಿಸುವುದು ಒಳಿತು.

ವರದಿ ಕಂಡು ಬೆದರಬೇಡಿ

ಮೊದಲ ಪರೀಕ್ಷೆ ತೋರಿಸುವುದು ಪ್ರತಿಕಾಯಗಳನ್ನು ಮಾತ್ರ. ಸೋಂಕು ತಗುಲಿದವರಲ್ಲಿ ಕೆಲವರ ದೇಹ ಔಷಧವಿಲ್ಲದೆಯೇ ವೈರಸ್ಸನ್ನು ಹೊರದೂಡುತ್ತದೆ. ಆದರೂ ಪ್ರತಿಕಾಯ ಉಳಿದಿರುತ್ತದೆ. ಚಿಕಿತ್ಸೆಯಿಂದ ಗುಣವಾದವರಲ್ಲೂ ಈ ಪರೀಕ್ಷೆ 'ಪಾಸಿಟಿವ್' ಎಂದೇ ಬರಬಹುದು. ವೈರಸ್ ಇದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆರ್‌ಎನ್‌ಎ ಪರೀಕ್ಷೆ.

ಕಾಯುವ ದಿನಗಳು

ಹೊಸ ಮಾತ್ರೆಗಳಿಂದ ಆಯಾಸ, ತಲೆನೋವು, ವಾಕರಿಕೆ ಕಾಣಿಸಬಹುದು. ಇವು ಬಹುತೇಕ ಸೌಮ್ಯವಾಗಿರುತ್ತವೆ. ಆಯಾಸವಾಯಿತೆಂದ ಮಾತ್ರಕ್ಕೆ ಔಷಧ ಫಲಿಸುತ್ತಿಲ್ಲವೆಂದು ಭಾವಿಸಬೇಕಿಲ್ಲ. ನಿಜವಾಗಿ ಮನಸ್ಸನ್ನು ಪರೀಕ್ಷಿಸುವುದು ಮಾತ್ರೆ ಮುಗಿದ ನಂತರದ 12 ವಾರಗಳು. ಆ ಅವಧಿಯ ಬಳಿಕವೂ ರಕ್ತದಲ್ಲಿ ವೈರಸ್ ಕಾಣದಿದ್ದರೆ ರೋಗಿ ಗುಣಮುಖನೆಂದು ಪರಿಗಣಿಸಲಾಗುತ್ತದೆ. ಮೊದಲ ಬಾರಿ ಗುಣವಾಗದ ಕೆಲವೇ ಮಂದಿಗೂ ಬೇರೆ ಔಷಧ ಸಂಯೋಜನೆಯಿಂದ ಮರುಚಿಕಿತ್ಸೆ ಸಾಧ್ಯ.

ಈ ಅವಧಿಯಲ್ಲಿ ಗಮನಿಸಬೇಕಾದವು:

* ಮಾತ್ರೆಯನ್ನು ಪ್ರತಿದಿನ ನಿಗದಿತ ವೇಳೆಗೆ ತಪ್ಪದೆ ಸೇವಿಸಬೇಕು. ಚೇತರಿಸಿಕೊಂಡಂತೆ ಅನಿಸಿತೆಂದು ನಡುವೆ ನಿಲ್ಲಿಸಬಾರದು.
* ಕ್ಷಯ, ಅಪಸ್ಮಾರ, ಹೃದಯಬಡಿತಕ್ಕೆ ಸಂಬಂಧಿಸಿದ ಕೆಲವು ಔಷಧಗಳು, ಆಮ್ಲಶಾಮಕಗಳು ಕೂಡ ಈ ಚಿಕಿತ್ಸೆಗೆ ತೊಡಕಾಗಬಹುದು. ಸೇವಿಸುವ ಎಲ್ಲ ಔಷಧಗಳನ್ನೂ, ನಾಟಿ ಮದ್ದನ್ನೂ ವೈದ್ಯರಿಗೆ ತಿಳಿಸಬೇಕು.
* ಚಿಕಿತ್ಸೆಗೆ ಮುನ್ನ ಹೆಪಟೈಟಿಸ್-ಬಿ ಪರೀಕ್ಷೆಯೂ ಆಗಬೇಕು. ಸುಪ್ತವಾಗಿದ್ದ ಬಿ ವೈರಸ್ ಚಿಕಿತ್ಸೆಯ ವೇಳೆ ಮರುಕಳಿಸುವ ಸಾಧ್ಯತೆಯಿದೆ.
* ಮದ್ಯವನ್ನು ಪೂರ್ಣವಾಗಿ ತ್ಯಜಿಸಬೇಕು.
* ನಿದ್ರೆ ಬಾರದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ ದಿನಗಳು ಕಳೆಯುತ್ತಿದ್ದರೆ ಅದನ್ನೂ ವೈದ್ಯರಲ್ಲಿ ಹೇಳಿಕೊಳ್ಳಬೇಕು. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯವರ ಪಾತ್ರ

ಯಕೃತ್ತಿನ ರೋಗವೆಂದರೆ ಕಾಮಾಲೆ ಎಂದೇ ತಿಳಿದು, ರೋಗಿಗೆ ಪ್ರತ್ಯೇಕ ತಟ್ಟೆ-ಲೋಟ ಇಡುವ ಮನೆಗಳುಂಟು. ನೀರು, ಆಹಾರದಿಂದ ಹರಡುವುದು ಹೆಪಟೈಟಿಸ್-ಎ ಮತ್ತು ಇ. ಹೆಪಟೈಟಿಸ್-ಸಿ ಹರಡುವುದು ಮುಖ್ಯವಾಗಿ ರಕ್ತದ ಮೂಲಕ. ಒಟ್ಟಿಗೆ ಕುಳಿತು ಉಣ್ಣುವುದರಿಂದ, ಮಗುವನ್ನು ಅಪ್ಪಿಕೊಳ್ಳುವುದರಿಂದ ಅದು ಅಂಟುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಗಳನ್ನು ಹಂಚಿಕೊಳ್ಳದಿದ್ದರೆ ಸಾಕು. ಸಿರೋಸಿಸ್ ಇಲ್ಲದವರಿಗೆ ಉಪ್ಪು-ಎಣ್ಣೆ ಬಿಟ್ಟ ಕಠಿಣ ಪಥ್ಯದ ಅಗತ್ಯವೂ ಇಲ್ಲ. ಎಲ್ಲರ ಪಂಕ್ತಿಯಲ್ಲಿ ಕುಳಿತು ಉಂಡ ಊಟ ರೋಗಿಗೆ ನೀಡುವ ಧೈರ್ಯ ಸಣ್ಣದಲ್ಲ.

ಗುಣವಾದ ನಂತರವೂ ಎಚ್ಚರ ಅಗತ್ಯ. ಈ ರೋಗಕ್ಕೆ ಲಸಿಕೆಯಿಲ್ಲ, ಸೋಂಕು ಮತ್ತೆ ತಗುಲಬಹುದು. ಸಿರೋಸಿಸ್ ಇದ್ದವರು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕು. ಆದರೆ ಒಂದು ಕಾಲಕ್ಕೆ ಅದೃಷ್ಟವನ್ನೇ ನಂಬಬೇಕಿದ್ದ ರೋಗಿ ಇಂದು ತನ್ನ ಔಷಧವನ್ನು ನಂಬಬಹುದು. ಪ್ರತಿದಿನದ ಮಾತ್ರೆಯನ್ನು ಮರೆಯದಿರುವುದೇ ಆ ಭರವಸೆಯನ್ನು ಉಳಿಸಿಕೊಳ್ಳುವ ದಾರಿ.