ಕಿವಿಗೊಡುವುದೂ ಒಂದು ದಾಸೋಹ
ತಾಯಿ-ಮಕ್ಕಳ ಬೇಸಿಗೆ ಶಿಬಿರದ ಸೇವೆಗೆ ಹೊರಡುವವರಿಗೆ ನಾಲ್ಕು ಮಾತು

ಯುಗಾದಿ ಕಳೆದು ಬಿಸಿಲು ಏರತೊಡಗಿತೆಂದರೆ ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಹೊಲದ ಕೆಲಸವೂ ಮುಗಿಯುತ್ತದೆ, ಶಾಲೆಗೂ ಬೀಗ ಬೀಳುತ್ತದೆ. ಮಕ್ಕಳಿಗೆ ರಜೆ ಬಂದರೂ ದುಡಿಯುವ ತಾಯಿಗೆ ರಜೆಯಿಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗದ ಸದ್ದು ನಿಲ್ಲುವುದಿಲ್ಲ. ಮಳೆ ಕೈಕೊಟ್ಟ ವರ್ಷ ಹಳ್ಳಿಯ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಗುಳೆ ಹೊರಡುತ್ತವೆ. ಶಾಲೆ ಮುಚ್ಚಿದರೆ ಬಿಸಿಯೂಟವೂ ನಿಲ್ಲುತ್ತದೆ. 2024ರ ಬೇಸಿಗೆಯಲ್ಲಿ ರಾಜ್ಯದ 223 ಬರಪೀಡಿತ ತಾಲೂಕುಗಳಲ್ಲಿ ಸರಕಾರವು ರಜೆಯ ದಿನಗಳಲ್ಲಿಯೂ ಬಿಸಿಯೂಟ ನೀಡಲು ಮುಂದಾಯಿತೆಂಬುದನ್ನು ನೆನೆದರೆ, ಬಡವರ ಮಕ್ಕಳ ಪಾಲಿಗೆ ರಜೆ ಎಂದರೇನೆಂಬುದು ತಿಳಿದೀತು.

ಈ ಕಾಲದಲ್ಲಿಯೇ ಮಠದ ಅಂಗಳದಲ್ಲಿ, ಶಾಲೆಯ ಕೋಣೆಯಲ್ಲಿ, ಪಂಚಾಯತಿ ಗ್ರಂಥಾಲಯದಲ್ಲಿ ಬೇಸಿಗೆ ಶಿಬಿರಗಳು ನಡೆಯುತ್ತವೆ. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರಲು ‘ಚಿಣ್ಣರ ಅಂಗಳ’ ನಡೆದುದು ಹಲವರ ನೆನಪಿನಲ್ಲಿರಬಹುದು. ಮಕ್ಕಳ ಜೊತೆಗೆ ತಾಯಂದಿರನ್ನೂ ಕೂಡಿಸಿಕೊಂಡ ಶಿಬಿರವೆಂದರೆ ಇನ್ನೂ ಹೆಚ್ಚಿನ ಹೊಣೆ. ಅಲ್ಲಿ ಹಾಡು ಕಲಿಸುವವರು, ಲಗೋರಿ ಆಡಿಸುವವರು ಸಿಕ್ಕಾರು. ತಾಯಿಯ ಪಕ್ಕದಲ್ಲಿ ಕುಳಿತು ಅವಳ ಮಾತು ಕೇಳುವವರು ಸಿಕ್ಕುವುದು ಕಷ್ಟ. ಆ ಸೇವೆಗೆ ಸಿದ್ಧರಾದ ಅಕ್ಕ-ಅಣ್ಣಂದಿರಿಗಾಗಿಯೇ ಈ ಮಾತು.

ದಾಸೋಹವೆಂದ ಕೂಡಲೇ ನಮ್ಮ ಕಣ್ಣಿಗೆ ಅನ್ನದ ಪಂಕ್ತಿ ಕಾಣುತ್ತದೆ. ಅದು ಸರಿಯೇ. ಆದರೆ ಹಸಿವು ಹೊಟ್ಟೆಗಷ್ಟೇ ಅಲ್ಲ. ತನ್ನ ಮಾತನ್ನು ಯಾರೂ ಕೇಳುವುದಿಲ್ಲವೆಂಬ ಹಸಿವು ಎಷ್ಟೋ ತಾಯಂದಿರನ್ನು ಒಳಗೇ ಸುಡುತ್ತದೆ. ಕಲ್ಯಾಣದಲ್ಲಿ ಅಕ್ಕನಾಗಮ್ಮನವರು ಶರಣೆಯೂ ಹೌದು, ಚೆನ್ನಬಸವಣ್ಣನವರ ತಾಯಿಯೂ ಹೌದು. ತಾಯ್ತನವು ಅನುಭಾವಕ್ಕೆ ಅಡ್ಡಿಯಾಗಲಿಲ್ಲ. ಅವರನ್ನು ಹೊರಗೆ ನಿಲ್ಲಿಸಲಿಲ್ಲ. ನಮ್ಮ ಶಿಬಿರದಲ್ಲಿಯೂ ಕಂಕುಳಲ್ಲಿ ಕೂಸು ಹೊತ್ತ ತಾಯಿಯನ್ನು ಬಾಗಿಲ ಬಳಿ ಕೂರಿಸದೆ ನಡುವೆ ಕೂರಿಸಬೇಕು.

ಒಂದು ಮಗುವಿಗೆ ದೊಡ್ಡವರೊಬ್ಬರು ಕಿವಿಗೊಟ್ಟರೆ ಏನಾಗುತ್ತದೆಂಬುದಕ್ಕೆ ಗದುಗಿನಲ್ಲಿಯೇ ಸಾಕ್ಷಿಯಿದೆ. 1892ರಲ್ಲಿ ಹುಟ್ಟಿದ ಕಣ್ಣಿಲ್ಲದ ಬಾಲಕ ಗದಿಗೆಯ್ಯನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕರುಣೆಯಿಂದ ನಾಲ್ಕು ಕಾಸು ಕೊಟ್ಟು ಕಳಿಸಲಿಲ್ಲ. ಅವನ ಕಂಠಕ್ಕೆ ಕಿವಿಗೊಟ್ಟು ಸಂಗೀತ ಕಲಿಯುವ ದಾರಿ ಮಾಡಿದರು. ಅವನೇ ಪಂಚಾಕ್ಷರ ಗವಾಯಿಗಳಾದನು. ಅವರ ಕೈಯಲ್ಲಿ ಬೆಳೆದ ಅಂಧ ಬಾಲಕ ಪುಟ್ಟರಾಜರು 2010ರಲ್ಲಿ ಲಿಂಗೈಕ್ಯರಾಗುವವರೆಗೆ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾವಿರಾರು ಮಕ್ಕಳಿಗೆ ಆಸರೆಯಾದರು. ಮೊದಲು ಕೇಳಿದ ಒಂದು ಕಿವಿಯ ಫಲವಿದು.

ಇನ್ನು ಕೇಳುವ ಬಗೆ. ತಾಯಿ ಮಾತಾಡುವಾಗ ಉಪದೇಶಕ್ಕೆ ಅವಸರ ಬೇಡ. “ನೀ ಹಂಗ ಮಾಡಬೇಕಿತ್ತು” ಎಂದೊಡನೆ ಅವಳ ಬಾಯಿ ಮುಚ್ಚುತ್ತದೆ. “ಆಮ್ಯಾಲೆ ಏನಾತವ್ವಾ?” ಎಂದು ಕೇಳಿ ಸುಮ್ಮನಿರಿ. ನಾಲ್ವರ ಎದುರು ಅವಳ ಮನೆಯ ಗಂಡ-ಅತ್ತೆಯರ ವಿಷಯ ಎತ್ತಬೇಡಿ. ಅವಳು ಹೇಳಿದ್ದನ್ನು ಸಂಜೆ ಕಟ್ಟೆಯ ಮೇಲೆ ಹರಟೆಗೆ ಬಳಸಿದರೆ, ಸೇವೆ ಮಾಡಿದ್ದು ಅಷ್ಟಕ್ಕೇ ಮುಗಿಯಿತು. ನಾಳೆ ಅವಳೂ ಬರುವುದಿಲ್ಲ, ಅವಳ ಮಕ್ಕಳೂ ಬರುವುದಿಲ್ಲ.

ತಾಯಿಯ ಆಯಾಸವನ್ನು ಸೋಮಾರಿತನವೆನ್ನಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು, 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ತಾಯಿಗೆ ಶಿಬಿರದಲ್ಲಾದರೂ ಮೊದಲು ಬಡಿಸಿರಿ. ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ-ಬೆಲ್ಲ, ಸೊಪ್ಪು ನಮ್ಮ ಸೀಮೆಗೆ ಹೊಸತಲ್ಲ. ಕಬ್ಬಿಣಾಂಶದ ಗುಳಿಗೆಗೆ ಆಶಾ ಕಾರ್ಯಕರ್ತೆಯನ್ನು ಶಿಬಿರಕ್ಕೇ ಕರೆಸಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಆಟ ಬೇಡ. ಮಗುವಿಗೆ ಭೇದಿಯಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತ ದವಾಖಾನೆಗೆ ಕರೆದೊಯ್ಯಿರಿ.

ಬೇಸಿಗೆಯು ಮದುವೆಯ ಕಾಲವೂ ಹೌದು. ಶಿಬಿರದ ಅಕ್ಕನ ನಿಜವಾದ ಪರೀಕ್ಷೆ ಇಲ್ಲಿ ನಡೆಯುತ್ತದೆ. “ಅಕ್ಕಾರ, ಹುಡುಗಿದು ಎಸ್ಸೆಸ್ಸೆಲ್ಸಿ ಮುಗೀತು. ಚಲೋ ಮನಿತನ ಬಂದೈತಿ. ಸಾಮೂಹಿಕದಾಗ ಮಾಡಿದ್ರ ಖರ್ಚೂ ಇಲ್ಲ” ಎಂದು ತಾಯಿ ಹೇಳಿದಾಳು. ಸಿಟ್ಟಾಗಬೇಡಿ, ಅವಳ ಹಿಂದೆ ಸಾಲವಿದೆ, ಜನರ ಬಾಯಿಯ ಭಯವಿದೆ. “ಯವ್ವಾ, ಚಲೋ ಮನಿತನ ಇದ್ರ ಎರಡು ವರ್ಷ ಕಾಯ್ತಾರ. ಕಾಯದವರು ಚಲೋ ಮಂದಿ ಹೆಂಗಾದಾರು?” ಎಂದು ಕೇಳಿ ನೋಡಿ. ಅದೇ ಸಮೀಕ್ಷೆಯಂತೆ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಪ್ರತಿ 100 ಮಹಿಳೆಯರಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 2006ರ ಕಾಯಿದೆಯಂತೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ನಡೆಸಿಕೊಟ್ಟವರಿಗೂ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವುಂಟು. ಆದ್ದರಿಂದ ಸಾಮೂಹಿಕ ವಿವಾಹ ಏರ್ಪಡಿಸುವ ಮಠ-ಮಂದಿರಗಳು ವಯಸ್ಸಿನ ದಾಖಲೆ ನೋಡಿಯೇ ಹೆಸರು ಬರೆದುಕೊಳ್ಳುವುದು ಧರ್ಮವೂ ಹೌದು, ಕಾನೂನೂ ಹೌದು. ತಿಳಿಹೇಳಿದರೂ ಕೇಳದಿದ್ದರೆ 1098ಕ್ಕೆ ಫೋನು ಮಾಡುವುದು ಚಾಡಿಯಲ್ಲ; ಮಗುವಿನ ರಕ್ಷಣೆ.

ಮಗು ಒಮ್ಮೊಮ್ಮೆ ತಡೆಯಲಾರದ ಸಂಗತಿಯನ್ನು ಹೇಳಿಬಿಡುತ್ತದೆ. “ಯಾರಿಗೂ ಹೇಳಬ್ಯಾಡ್ರಿ” ಎಂದು ಕೈಹಿಡಿದರೆ ಸುಳ್ಳು ವಚನ ಕೊಡಬೇಡಿ. “ನಿನ್ನ ಕಾಪಾಡೋರಿಗೆ ಮಾತ್ರ ಹೇಳ್ತೀನಿ” ಎನ್ನಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ದೌರ್ಜನ್ಯದ ಸುಳಿವು ಸಿಕ್ಕಿಯೂ ತಿಳಿಸದಿರುವುದು 2012ರ ಪೋಕ್ಸೋ ಕಾಯಿದೆಯಂತೆ ಅಪರಾಧ. ಆರೋಪ ಯಾರ ಮೇಲಿದ್ದರೂ, ಅವರು ಎಷ್ಟೇ ದೊಡ್ಡವರಿದ್ದರೂ, ಮುಚ್ಚಿಡುವುದು ಸೇವೆಯಲ್ಲ. ಶಿಬಿರದವರೂ ತಮ್ಮ ನಡೆಯನ್ನು ಬಿಚ್ಚಿಡಬೇಕು: ಮುಚ್ಚಿದ ಕೋಣೆಯಲ್ಲಿ ಒಂಟಿ ಮಗುವಿನೊಡನೆ ಯಾರೂ ಕೂರಬಾರದು, ಹೆಣ್ಣುಮಕ್ಕಳ ವಸತಿಯಲ್ಲಿ ಮಹಿಳೆಯರೇ ಇರಬೇಕು.

ಶಿಬಿರವು ಹತ್ತು-ಹದಿನೈದು ದಿನಗಳಲ್ಲಿ ಮುಗಿಯುತ್ತದೆ. ತಾಯಿಯ ಕಷ್ಟ ಅಷ್ಟರಲ್ಲಿ ಮುಗಿಯುವುದಿಲ್ಲ. ಆದುದರಿಂದ ಹೊರಡುವ ಮುನ್ನ ಪ್ರತಿ ತಾಯಿಗೂ ತನ್ನ ಊರಿನ ಅಂಗನವಾಡಿ ಅಕ್ಕ, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದವರ ಪರಿಚಯ ಮಾಡಿಕೊಟ್ಟು ಬನ್ನಿ. ನಮ್ಮನ್ನೇ ನೆಚ್ಚುವಂತೆ ಮಾಡುವುದು ಅಹಂಕಾರ. ನಾವಿಲ್ಲದೆಯೂ ನಡೆಯುವಂತೆ ಮಾಡುವುದು ಕಾಯಕ. ಈ ಬೇಸಿಗೆಯಲ್ಲಿ ನಿಮ್ಮೂರಿನ ಶಿಬಿರಕ್ಕೆ ಅಕ್ಕಿ-ಬೇಳೆ ಕೊಡುವವರು ಕೊಡಲಿ. ಕೊಡಲು ಏನೂ ಇಲ್ಲವೆನ್ನುವವರು ದಿನಕ್ಕೊಂದು ತಾಸು ಹೋಗಿ ಕುಳಿತುಕೊಳ್ಳಲಿ. ಕಿವಿಗೆ ಬಡತನವಿಲ್ಲ.